ಕೈ ಕಪ್ಪಾಗಿ ಉರಿಯುತ್ತಿದೆಯಾ? ಮೊದಲು ಕಲೆ ಎಲ್ಲಿಗೆ ನಿಂತಿದೆ ನೋಡಿ

ಎರಡು ವರ್ಷದ ಹಿಂದೆ, ಯುಗಾದಿ ಕಳೆದು ಒಂದು ವಾರ ಆಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಾಗಿಲ ಹತ್ತಿರ ಕೂತಿದ್ದೆ. ಎಳೆ ಬಿಸಿಲು ಕೈ ಮೇಲೆ ಬಿದ್ದಿತ್ತು. ನೋಡಿದರೆ ಬೆರಳ ಗೆಣ್ಣುಗಳೆಲ್ಲ ಕಪ್ಪು. ಮಸಿ ಇರಬೇಕು ಅಂತ ಎದ್ದು ಹೋಗಿ ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ. ಬೆರಳ ತುದಿಯಲ್ಲಿ ಸಣ್ಣ ಉರಿ, ಜುಮ್ ಅನ್ನುವುದು ಕೆಲವು ವಾರದಿಂದಲೇ ಇತ್ತು. ಆವತ್ತಿನವರೆಗೆ ಅದಕ್ಕೆ ಗಮನ ಕೊಟ್ಟಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡ್ ಪಕ್ಕದ ಗಲ್ಲಿಯಲ್ಲಿ ಯುಪಿಎಸ್, ಇನ್ವರ್ಟರ್ ಬೋರ್ಡು ರಿಪೇರಿ ಮಾಡುವುದು ನನ್ನ ಕೆಲಸ. ಹಾಗಾಗಿ ಮೊದಲ ಅನುಮಾನ ಕೆಲಸದ ಮೇಲೇ ಬಂತು. ಸೋಲ್ಡರಿಂಗ್ ಪೇಸ್ಟು, ಬೋರ್ಡು ಒರೆಸುವ ಸ್ಪಿರಿಟ್, ಆಗೊಮ್ಮೆ ಈಗೊಮ್ಮೆ ಬೋರ್ಡಿನ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್. ಒಂದೇ ವಾರದಲ್ಲಿ ರಬ್ಬರ್ ಗ್ಲೌಸ್ ಹಾಕಿದೆ, ಸೋಪು ಬದಲಾಯಿಸಿದೆ, ಮೆಡಿಕಲ್ ಶಾಪಿನಲ್ಲಿ ಕೈ ತೋರಿಸಿ ಒಂದು ಟ್ಯೂಬ್ ತಂದು ಹಚ್ಚಿದೆ. ಮೂರು ತಿಂಗಳಾದರೂ ಗೆಣ್ಣು ಕಪ್ಪಾಗಿಯೇ ಇತ್ತು. ಅದರ ಜೊತೆಗೆ ಮಣಿಕಟ್ಟಿನಲ್ಲಿ ಹೊಸದಾಗಿ ಕೆಂಪು ಪಟ್ಟಿ, ತಡೆಯಲಾಗದ ನವೆ. ಸರಿಯಾದ ಕಾರಣ ಗೊತ್ತಾಗಲು ಒಟ್ಟು ಏಳು ತಿಂಗಳು ಹಿಡಿಯಿತು. ಕಾರಣ ಒಂದಲ್ಲ, ಎರಡು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಬೋರ್ಡು ರಿಪೇರಿಯಲ್ಲಿ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ, ಒಂದೇ ಸಲ ಮೂರು ಪಾರ್ಟು ಬದಲಾಯಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನನ್ನ ಕೈ ವಿಷಯದಲ್ಲಿ ಅದನ್ನೇ ಮಾಡಿದೆ. ಇನ್ನೊಬ್ಬರಿಗೆ ಆ ಏಳು ತಿಂಗಳು ಹಾಳಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲಿ ಏನು ನೋಡಿಕೊಳ್ಳಬಹುದು, ಏನು ಮಾಡಬಾರದು ಅನ್ನುವುದು ಮಾತ್ರ ಇಲ್ಲಿದೆ.

ಇವಿದ್ದರೆ ಓದುತ್ತಾ ಕೂರಬೇಡಿ

ಒಂದು ಬೆರಳೋ ಇಡೀ ಕೈಯೋ ದಿಢೀರನೆ ಬಿಳಿಚಿಕೊಂಡು ಅಥವಾ ನೀಲಿಯಾಗಿ, ತಣ್ಣಗಾಗಿ, ಜೋರಾಗಿ ನೋಯುತ್ತಿದ್ದರೆ ರಕ್ತ ಓಡಾಟ ನಿಂತಿರಬಹುದು. ಆಗ ಒಂದೊಂದು ಗಂಟೆಯೂ ಮುಖ್ಯ. ಹೊಸ ಮಾತ್ರೆ ಶುರು ಮಾಡಿದ ಮೇಲೆ ಮೈಯಲ್ಲಿ ಗುಳ್ಳೆ ಎದ್ದು ಬಾಯಿ, ಕಣ್ಣಲ್ಲೂ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅದರ ಸ್ಟ್ರಿಪ್ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಕೆಂಪು ಊತ ಜ್ವರದ ಜೊತೆ ಕೈಯಿಂದ ಮೇಲಕ್ಕೆ ಏರುತ್ತಿದ್ದರೂ ಅಷ್ಟೇ. ಟಾಯ್ಲೆಟ್ ಆಸಿಡ್ಡೋ ಹಸಿ ಸಿಮೆಂಟೋ ತಗುಲಿ ಸುಟ್ಟಿದ್ದರೆ ಅರಿಶಿನ, ಟೂತ್‌ಪೇಸ್ಟ್ ಏನೂ ಹಚ್ಚಬೇಡಿ. ಕನಿಷ್ಠ 20 ನಿಮಿಷ ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ, ಆಮೇಲೆ ತೋರಿಸಿ. ಅಂಗೈಯಲ್ಲೋ ಉಗುರಿನ ಕೆಳಗೋ ಒಂದೇ ಒಂದು ಕರಿ ಚುಕ್ಕೆ ಅಥವಾ ಗೆರೆ ಹೊಸದಾಗಿ ಹುಟ್ಟಿ ದೊಡ್ಡದಾಗುತ್ತಿದ್ದರೆ ಅದನ್ನೂ ಮುಂದಕ್ಕೆ ಹಾಕಬೇಡಿ. ಅದು ಚರ್ಮದ ಕ್ಯಾನ್ಸರ್ ಆಗಿರುವ ಸಾಧ್ಯತೆ ಇದೆ.

ಬಣ್ಣ ಚರ್ಮದ ಮೇಲಿದೆಯೋ, ಒಳಗಿದೆಯೋ?

ಹತ್ತಿಗೆ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ ಕಲೆಯ ಒಂದು ಮೂಲೆಯಲ್ಲಿ ಮೆತ್ತಗೆ ಒರೆಸಿ. ಚರ್ಮ ಬಿರಿದಿದ್ದರೆ ಬೇಡ, ಸುಮ್ನೆ ಉರಿ ಜಾಸ್ತಿಯಾಗುತ್ತದೆ. ಹತ್ತಿಗೆ ಬಣ್ಣ ಹತ್ತಿದರೆ ಅದು ಹೊರಗಿನ ಕಲೆ. ಹೊಸ ಜೀನ್ಸ್ ಪ್ಯಾಂಟಿನ ನೀಲಿ ಕೈಗೆ ಹತ್ತಿ, ಬೆರಳು ನೀಲಿಗಟ್ಟಿದೆ ಅಂತ ಹೆದರಿ ಆಸ್ಪತ್ರೆಗೆ ಓಡಿದವರಿದ್ದಾರೆ. ಕೆಲವರಿಗೆ ಎಷ್ಟು ಸೋಪು ಹಾಕಿದರೂ ಹೋಗದ ಕಂದು ಕಲೆ ಸ್ಪಿರಿಟ್‌ನಲ್ಲಿ ಒರೆಸಿದ ಕೂಡಲೇ ಹೋಗುತ್ತದೆ. ಅದು ಚರ್ಮದ ಸತ್ತ ಪದರ ಗಟ್ಟಿಯಾಗಿ ಕೂತಿದ್ದು, ರೋಗವಲ್ಲ.

ಸ್ಪಿರಿಟ್‌ಗೂ ಬಗ್ಗದ ಹೊರಗಿನ ಕಲೆಗಳೂ ಇವೆ. ಬಾಳೆಹೂವು ಬಿಡಿಸಿದ ಕೈ, ಎಣ್ಣೆ ಸವರದೆ ಹಲಸು ಬಿಡಿಸಿದ ಕೈ, ನಮ್ಮ ಫೆರಿಕ್ ಕ್ಲೋರೈಡಿನ ಹಳದಿಗಂದು, ಪೊಟ್ಯಾಸಿಯಂ ಪರ್ಮಾಂಗನೇಟಿನ ಕಂದು. ಇವಕ್ಕೆ ಉಗುರು ನೋಡಿ. ಹೊರಗಿನ ಬಣ್ಣ ಉಗುರನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ಚರ್ಮದ ಮೇಲ್ಪದರ ಉದುರಿ ಹೊಸದು ಬರುವಾಗ ಕೆಲವು ವಾರದಲ್ಲಿ ತಾನೇ ಮಾಸುತ್ತದೆ, ಅಂಗೈಯಲ್ಲಿ ಸ್ವಲ್ಪ ನಿಧಾನ. ಬರೀ ಕಲೆಯಾದರೆ ಉರಿಯಾಗಲಿ ಜುಮ್ ಅನ್ನುವುದಾಗಲಿ ಇರುವುದಿಲ್ಲ.

ಅಂಗೈ ಹಳದಿಯಾಗಿದ್ದರೆ ಕಣ್ಣಿನ ಬಿಳಿ ನೋಡಿ. ಕಣ್ಣು ಬೆಳ್ಳಗಿದ್ದು, ನೀವು ದಿನಾ ಕ್ಯಾರೆಟ್ಟು, ಪರಂಗಿ, ಸಿಹಿಗುಂಬಳ ಜಾಸ್ತಿ ತಿನ್ನುತ್ತಿದ್ದರೆ ಅದರ ಬಣ್ಣವೇ ಚರ್ಮಕ್ಕೆ ಬಂದಿರುತ್ತದೆ, ಕಡಿಮೆ ಮಾಡಿದರೆ ಹೋಗುತ್ತದೆ. ಕಣ್ಣೂ ಹಳದಿಯಾದರೆ ಕಾಮಾಲೆ.

ಕಲೆ ಎಲ್ಲಿಗೆ ನಿಲ್ಲುತ್ತದೆ?

ಇಡೀ ಬರಹದಲ್ಲಿ ಇದೊಂದನ್ನು ಮಾತ್ರ ನೆನಪಿಟ್ಟುಕೊಂಡರೂ ಸಾಕು. ನಾವೆಲ್ಲ ಬಣ್ಣ ನೋಡುತ್ತೇವೆ. ಕಪ್ಪಾ, ಕೆಂಪಾ, ಕಂದಾ ಅಂತ. ಬಣ್ಣ ಅಷ್ಟೇನೂ ಹೇಳುವುದಿಲ್ಲ. ನಮ್ಮಂಥ ಮೈಬಣ್ಣದವರಿಗೆ ಯಾವ ಗಾಯ ಮಾಗಿದರೂ, ಯಾವ ಇಸುಬು ಆರಿದರೂ ಕೊನೆಗೆ ಉಳಿಯುವುದು ಕಪ್ಪೇ. ಆದರೆ ಕಲೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅನ್ನುವುದು ಬಹಳ ಹೇಳುತ್ತದೆ. ಎರಡೂ ಕೈಯನ್ನು ಬೆಳಕಿನಲ್ಲಿ ಹಿಡಿದು, ಹಿಂದೆ ಮುಂದೆ ಫೋಟೊ ತೆಗೆದುಕೊಳ್ಳಿ. ಆಮೇಲೆ ಮುಂದೆ ಓದಿ.

ಕೈಯ ಮೇಲ್ಭಾಗದಲ್ಲಿ ಮಾತ್ರ ಇದೆ, ಅಂಗೈಯಲ್ಲಿ ಇಲ್ಲ, ಬೆರಳ ಸಂದಿಯಲ್ಲಿ ಇಲ್ಲ, ವಾಚು ಕಟ್ಟುವ ಜಾಗ ಚೆನ್ನಾಗಿದೆ, ತೋಳಿನ ಬಟ್ಟೆ ಶುರುವಾಗುವಲ್ಲಿ ಗೆರೆ ಎಳೆದಂತೆ ನಿಂತಿದೆ. ಹೀಗಿದ್ದರೆ ಅದು ಬಿಸಿಲು. ಬೆಂಗಳೂರಿನಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ, ಇಲ್ಲಿ ಸೆಖೆಯೇ ಇಲ್ಲವಲ್ಲ ಅನ್ನುತ್ತಾರೆ. ಸೆಖೆಗೂ ಚರ್ಮ ಸುಡುವ ಕಿರಣಕ್ಕೂ ಸಂಬಂಧವಿಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ. ತಣ್ಣನೆ ಗಾಳಿ ಇರುವುದರಿಂದ ಸುಡುತ್ತಿರುವುದು ಗೊತ್ತಾಗುವುದಿಲ್ಲ ಅಷ್ಟೇ. ಸ್ಕೂಟರ್ ಹ್ಯಾಂಡಲ್ ಹಿಡಿದ ಕೈ ಗಂಟೆಗಟ್ಟಲೆ ಸಿಗ್ನಲ್ಲಿನಲ್ಲಿ ಬಿಸಿಲಿಗೆ ಮುಖ ಮಾಡಿರುತ್ತದೆ. ಕ್ಯಾಬ್ ಓಡಿಸುವವರಿಗೂ ಬಿಡುಗಡೆಯಿಲ್ಲ, ಪಕ್ಕದ ಕಿಟಕಿ ಗಾಜಿನ ಮೂಲಕ ಒಂದು ಬಗೆಯ ಕಿರಣ ಒಳಗೆ ಬರುತ್ತದೆ. ಕಿಟಕಿ ಕಡೆಯ ಬಲಗೈ ಎಡಗೈಗಿಂತ ಕಪ್ಪಾಗಿದ್ದರೆ ಕಾರಣ ಅದೇ.

ಬಿಸಿಲಿಗೆ ಹೋದ ಕೆಲವೇ ಗಂಟೆಯಲ್ಲಿ ಉರಿ, ನವೆ, ಸಣ್ಣ ಗುಳ್ಳೆ ಬರುತ್ತಿದ್ದರೆ ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೂ ನೋಡಬೇಕು. ಮೊಡವೆಗೋ ಸೋಂಕಿಗೋ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಇವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ. ಕುಡಿತ ಜಾಸ್ತಿ ಇದ್ದು ಊಟ ಸರಿಯಿಲ್ಲದವರಲ್ಲಿ, ಟಿಬಿಗೆ ಐಸೋನಿಯಜೈಡ್ ತೆಗೆದುಕೊಳ್ಳುವವರಲ್ಲಿ ಬಿಸಿಲು ಬೀಳುವ ಜಾಗವೆಲ್ಲ ಗ್ಲೌಸ್ ಹಾಕಿದಂತೆ ಕಪ್ಪಾಗಿ ಸಿಪ್ಪೆ ಏಳಬಹುದು. ಅದು ನಯಾಸಿನ್ ಅನ್ನುವ ವಿಟಮಿನ್ ಕೊರತೆ. ಭೇದಿ, ಮಂಕು ಕೂಡ ಜೊತೆಗಿದ್ದರೆ ತಡ ಮಾಡಬಾರದು.

ಹನಿ ಇಳಿದಂತೆ, ಸುರಿದಂತೆ, ಬೆರಳಚ್ಚು ಒತ್ತಿದಂತೆ ಕಂದು ಗೆರೆಗಳಿದ್ದರೆ ನಿಂಬೆಹಣ್ಣು ನೆನಪು ಮಾಡಿಕೊಳ್ಳಿ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ರಾಮನವಮಿಗೆ ಪೆಂಡಾಲ್ ಹಾಕಿ ಪಾನಕ, ಕೋಸಂಬರಿ ಹಂಚುತ್ತಾರೆ. ನನ್ನ ತಂಗಿ ಮಗ ಬೆಳಿಗ್ಗೆಯಿಂದ ಕೂತು ಎರಡು ಬಕೆಟ್ ಪಾನಕಕ್ಕೆ ನಿಂಬೆಹಣ್ಣು ಹಿಂಡಿದ. ರಸ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಆಮೇಲೆ ಅದೇ ಕೈಯಲ್ಲಿ ಬಿಸಿಲಲ್ಲಿ ನಿಂತು ಮಧ್ಯಾಹ್ನದವರೆಗೆ ಲೋಟ ಹಂಚಿದ. ಆ ದಿನ ಏನೂ ಆಗಲಿಲ್ಲ. ಮಾರನೆ ದಿನವೂ ಇಲ್ಲ. ಮೂರನೇ ದಿನ ಕೈ ಕೆಂಪಾಗಿ ಬೆಂಕಿಯಂತೆ ಉರಿಯಿತು, ನಾಲ್ಕಾರು ಗುಳ್ಳೆಯೂ ಎದ್ದವು. ವಾರ ಕಳೆಯುವುದರಲ್ಲಿ ರಸ ಇಳಿದ ದಾರಿಯಲ್ಲೇ ಕಂದು ಗೆರೆ, ಕೊನೆಯಲ್ಲಿ ಒಂದೊಂದು ಹನಿಯ ಗುರುತು. ಸ್ಕೂಲಿನಲ್ಲಿ ಮನೆಯವರೇ ಮಗುವಿಗೆ ಬರೆ ಹಾಕಿದ್ದಾರಾ ಅಂತ ಕೇಳಿದರಂತೆ. ತಂಗಿ ಅತ್ತೇಬಿಟ್ಟಳು. ಆ ಗೆರೆ ಪೂರ್ತಿ ಮಾಸುವಾಗ ಗಣೇಶನ ಹಬ್ಬ ಬಂದಿತ್ತು.

ನಿಂಬೆ ಸಿಪ್ಪೆ, ರಸದಲ್ಲಿರುವ ಫ್ಯೂರೋಕೌಮರಿನ್ ಅನ್ನುವ ವಸ್ತು ಬಿಸಿಲಿನ ಕಿರಣ ಬಿದ್ದಾಗ ಚರ್ಮವನ್ನು ಸುಡುತ್ತದೆ. ಅಲರ್ಜಿಯಲ್ಲ, ಯಾರಿಗೆ ಬೇಕಾದರೂ ಆಗಬಹುದು. ಒಂದೆರಡು ದಿನ ತಡವಾಗಿ ಬರುವುದರಿಂದ ಯಾರಿಗೂ ನಿಂಬೆ ನೆನಪಾಗುವುದಿಲ್ಲ. ಅಂಜೂರದ ಹಾಲು, ಸೆಲರಿ ಸೊಪ್ಪಿನಿಂದಲೂ ಹೀಗಾಗುತ್ತದೆ. ನಿಂಬೆ ಹಿಂಡಿದ ಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದೇ ಬಿಸಿಲಿಗೆ ಹೋಗಬೇಕು. ಕೈ ಬೆಳ್ಳಗಾಗಲಿ ಅಂತ ನಿಂಬೆ ಉಜ್ಜಿಕೊಂಡು ಹೊರಗೆ ಹೋಗುವವರಿಗೆ ಆಗುವುದು ಪೂರ್ತಿ ಉಲ್ಟಾ.

ಮಾವಿನಕಾಯಿ ಸೊನೆ, ಗೇರು ಸಿಪ್ಪೆಯ ಎಣ್ಣೆಯದು ಬೇರೆ ಲೆಕ್ಕ. ಅಲ್ಲಿ ಬಿಸಿಲು ಬೇಕಿಲ್ಲ. ತಾಗಿದ ಕಡೆ ಸುಟ್ಟು, ಆಮೇಲೆ ಕರಿ ಗುರುತು ಉಳಿಯುತ್ತದೆ. ಉಪ್ಪಿನಕಾಯಿ ಕಾಲದಲ್ಲಿ ಇದು ಮಾಮೂಲು.

ಬಲಗೈಯಲ್ಲಿ ಚಾಕು ಹಿಡಿಯುವವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿ ಮಾತ್ರ ಒಣಗಿ, ಬಿರಿದು, ಉರಿಯುತ್ತಿದ್ದರೆ ಬೆಳ್ಳುಳ್ಳಿ. ಆ ಮೂರು ಬೆರಳಲ್ಲೇ ಅಲ್ವಾ ನಾವು ಎಸಳು ಹಿಡಿದು ಹೆಚ್ಚುವುದು. ಕ್ಯಾಟರಿಂಗ್ ಅಡುಗೆಯವರಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವವರಲ್ಲಿ ಇದು ಸಿಗುತ್ತದೆ.

ಉಂಗುರದ ಕೆಳಗೆ ಮಾತ್ರ ಇದ್ದರೆ ಎರಡು ಸಾಧ್ಯತೆ. ಚಿನ್ನವಲ್ಲದ ಉಂಗುರದಲ್ಲಿರುವ ನಿಕ್ಕಲ್ ಲೋಹ ಚರ್ಮಕ್ಕೆ ಆಗದೆ ಇರಬಹುದು, ಅಥವಾ ಪಾತ್ರೆ ತೊಳೆಯುವಾಗ ಸೋಪು ಅಡಿಯಲ್ಲಿ ಸಿಕ್ಕಿಕೊಂಡಿರಬಹುದು. ಉಂಗುರ ಎರಡು ವಾರ ತೆಗೆದಿಡಿ.

ಬೆರಳ ಪಕ್ಕದಲ್ಲಿ ಸಬ್ಬಕ್ಕಿ ಕಾಳು ಹೂತಂತೆ ಸಣ್ಣ ನೀರ್ಗುಳ್ಳೆ, ಭಾರೀ ನವೆ ಇದ್ದರೆ ಅದು ಒಂದು ಬಗೆಯ ಇಸುಬು, ಬೆವರು, ಟೆನ್ಷನ್ ಜಾಸ್ತಿಯಾದಾಗ ಕೆರಳುತ್ತದೆ. ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ನವೆ, ಮನೆಯಲ್ಲಿ ಇನ್ನೊಬ್ಬರಿಗೂ ಶುರುವಾಗಿದ್ದರೆ ಕಜ್ಜಿ, ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಬೇಕು. ಒಂದೇ ಅಂಗೈ ಒಣಗಿ ಪುಡಿ ಉದುರುತ್ತಿದ್ದು, ಎರಡೂ ಪಾದ ಹಾಗೇ ಇದ್ದರೆ ಹುಳುಕಡ್ಡಿ.

ಇನ್ನೊಂದನ್ನು ಒತ್ತಿ ಹೇಳಬೇಕು, ಯಾಕಂದರೆ ಇದನ್ನು ಹಿಡಿಯಲು ನಿಮ್ಮಿಂದ ಮಾತ್ರ ಸಾಧ್ಯ. ಕೈಮೇಲೆ ಎಂಟಾಣೆ ಅಗಲದ ಗುಂಡನೆ ಕಪ್ಪು ಮಚ್ಚೆ ಇದೆ. ವರ್ಷಕ್ಕೆ ಒಂದೆರಡು ಸಲ ಅದೇ ಜಾಗ ಕೆಂಪಾಗಿ ಉರಿದು, ಮತ್ತೆ ಇನ್ನಷ್ಟು ಕಪ್ಪಾಗಿ ಸುಮ್ಮನಾಗುತ್ತದೆ. ಇದು ಹೆಚ್ಚಾಗಿ ಯಾವುದೋ ಮಾತ್ರೆ ಮೈಗೆ ಆಗದೆ ಬರುವುದು. ಆ ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲೇ ಬರುತ್ತದೆ. ಭೇದಿಗೆ ಕೊಡುವ ಟಿನಿಡಜೋಲ್, ಆರ್ನಿಡಜೋಲ್, ನಾರ್‌ಫ್ಲಾಕ್ಸಸಿನ್, ನೋವಿನ ಮಾತ್ರೆಗಳು, ಸಲ್ಫಾ ಮಾತ್ರೆಗಳು ಇದಕ್ಕೆ ಹೆಸರಾದವು. ಹೊಟ್ಟೆ ಕೆಟ್ಟಾಗ ಅಂಗಡಿಯಲ್ಲಿ ಕೇಳಿ ನುಂಗಿದ ಮಾತ್ರೆಯನ್ನು ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ. ಅದನ್ನು ಮಾತ್ರೆ ಅಂತ ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ.

ಕೈ ಜೊತೆಗೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಒಳಮಡಿಕೆಯೂ ದಪ್ಪಗಾಗಿ ಕೆರೆಯುತ್ತಿದ್ದರೆ ಸೈಟಿನ ಸುತ್ತ ಬೆಳೆದ ಕಾಂಗ್ರೆಸ್ ಗಿಡ ನೋಡಿ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆ ಇವತ್ತು ನಮ್ಮ ಖಾಲಿ ಸೈಟು, ರೈಲ್ವೆ ಹಳಿ ಪಕ್ಕ ಎಲ್ಲ ಕಡೆ ಇದೆ. ಮುಟ್ಟಬೇಕಂತಲೇ ಇಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಸೇವಂತಿಗೆ, ಚೆಂಡುಹೂವು ಇದೇ ಕುಟುಂಬದ ಗಿಡಗಳು. ಕಾಂಗ್ರೆಸ್ ಗಿಡ ಆಗದವರಿಗೆ ಈ ಹೂವೂ ಆಗದೆ ಹೋಗಬಹುದು. ಕೆ.ಆರ್. ಮಾರ್ಕೆಟ್ಟಿನಲ್ಲಿ ದಿನವಿಡೀ ಸೇವಂತಿಗೆ ಕಟ್ಟುವವರ ಬೆರಳ ತುದಿ ಬಿರಿದಿದ್ದರೆ ಬರೀ ನೀರು, ದಾರದ ತಪ್ಪು ಅಂತ ಬಿಡಬಾರದು.

ಮುಟ್ಟಿದರೆ ಗೊತ್ತಾಗುತ್ತದೆಯಾ?

ನವೆ, ಉರಿ, ಜುಮ್, ಜೋಮು ನಾಲ್ಕೂ ಬೇರೆ ಬೇರೆ. ಡಾಕ್ಟರ ಹತ್ತಿರ ಎಲ್ಲಕ್ಕೂ ಒಂದೇ ಮಾತು ಹೇಳಬೇಡಿ. ನವೆ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಅಲರ್ಜಿ, ಕಜ್ಜಿ, ಹುಳುಕಡ್ಡಿ ಕಡೆ ನೋಡಬೇಕು. ಉರಿ ಜಾಸ್ತಿ ಇದ್ದರೆ ಸುಟ್ಟಿರುವುದು, ಬಿಸಿಲು, ಆಸಿಡ್, ಮೆಣಸಿನಕಾಯಿ. ಜುಮ್ ಅನ್ನುವುದು, ಜೋಮು ಹಿಡಿಯುವುದು ನರದ ಕಡೆಯವು.

ಮಸುಕಾದ ಅಥವಾ ಕೆಂಪು ಮಚ್ಚೆ ಇದ್ದರೆ ಒಂದು ಪರೀಕ್ಷೆ ಮಾಡಲೇಬೇಕು. ಕಣ್ಣು ಮುಚ್ಚಿಕೊಳ್ಳಿ. ಮನೆಯವರು ಹತ್ತಿಯ ಎಳೆಯನ್ನು ಹೊಸೆದು ಒಮ್ಮೆ ಮಚ್ಚೆಗೆ, ಒಮ್ಮೆ ಪಕ್ಕದ ಚರ್ಮಕ್ಕೆ ತಾಗಿಸಲಿ. ಎಲ್ಲಿ ತಾಗಿತು ಅಂತ ನೀವು ಬೆರಳಿಟ್ಟು ತೋರಿಸಿ. ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಇದನ್ನು ಓದಿ ಎದೆ ಧಸಕ್ ಅನ್ನುತ್ತದೆ, ಗೊತ್ತು. ಆದರೆ ಇವತ್ತು ಇದು ಪೂರ್ತಿ ವಾಸಿಯಾಗುವ ರೋಗ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ, 6 ತಿಂಗಳು ಅಥವಾ 12 ತಿಂಗಳು. ಔಷಧಿ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವ ಭಯವೂ ಬೇಗ ಹೋಗುತ್ತದೆ. ಮುಚ್ಚಿಟ್ಟುಕೊಂಡರೆ ಮಾತ್ರ ಬೆರಳು ಮಡಚಿಕೊಳ್ಳುವುದು, ಗೊತ್ತಾಗದೆ ಸುಟ್ಟುಕೊಳ್ಳುವುದು ಇವೆಲ್ಲ ಆಗುತ್ತವೆ.

ಹಾಲಿನಂತೆ ಬೆಳ್ಳಗಿದ್ದು ಸ್ಪರ್ಶ ಸರಿಯಾಗಿದ್ದರೆ ತೊನ್ನು. ಅದಕ್ಕೂ ಕುಷ್ಠಕ್ಕೂ ಏನೇನೂ ಸಂಬಂಧವಿಲ್ಲ, ಅದು ಅಂಟುವುದೂ ಇಲ್ಲ. ಕೆಲವು ಸಲ ರಾಸಾಯನಿಕದಿಂದಲೂ ಹೀಗೆ ಬೆಳ್ಳಗಾಗುತ್ತದೆ. 1939ರ ಸುಮಾರಿಗೆ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಕೈ ಗ್ಲೌಸ್ ಆಕಾರದಲ್ಲೇ ಬೆಳ್ಳಗಾಗಿತ್ತು. ರಬ್ಬರಿಗೆ ಸೇರಿಸಿದ್ದ ಒಂದು ರಾಸಾಯನಿಕ ಕಾರಣ ಅಂತ ಆಮೇಲೆ ತಿಳಿಯಿತು.

ಡಿಸೆಂಬರ್, ಜನವರಿ ಬೆಳಿಗ್ಗೆ ಗಾಡಿ ಓಡಿಸುವಾಗ ಬೆರಳು ಬಿಳಿಚಿ, ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುತ್ತಿದ್ದರೆ ರಕ್ತನಾಳ ಚಳಿಗೆ ಜಾಸ್ತಿ ಬಿಗಿದುಕೊಳ್ಳುತ್ತಿದೆ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಹಾಗೇ ಸುಮ್ನೆ ಬರುವುದುಂಟು. ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಬಂದರೆ, ಬೆರಳ ಚರ್ಮ ಬಿಗಿಯಾಗುತ್ತಿದ್ದರೆ, ಅಥವಾ ನೀವು ಡ್ರಿಲ್ಲಿಂಗ್, ಬ್ರೇಕರ್ ಮೆಷಿನ್ ಹಿಡಿಯುವವರಾದರೆ ತೋರಿಸಲೇಬೇಕು.

ಗೆಣ್ಣು ಕಪ್ಪಾದರೆ

ಇಲ್ಲಿ ನನ್ನ ಕಥೆಗೆ ಬರುತ್ತೇನೆ. ಚರ್ಮದ ಡಾಕ್ಟರ್ ಮೇಡಂ ನನ್ನ ಕೈ ನೋಡಿ ಮೊದಲು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ಮಾಂಸ, ಮೊಟ್ಟೆ ತಿಂತೀರಾ?"

"ಇಲ್ಲ ಮೇಡಂ."

"ಗ್ಯಾಸ್ಟ್ರಿಕ್ ಮಾತ್ರೆ?"

"ದಿನಾ ಬೆಳಿಗ್ಗೆ ಒಂದು. ನಾಲ್ಕೈದು ವರ್ಷ ಆಯ್ತು."

"ನಾಲಿಗೆ ತೋರಿಸಿ." ನಾಲಿಗೆ ನುಣ್ಣಗೆ, ಕೆಂಪಗೆ ಆಗಿತ್ತಂತೆ. ಕಣ್ಣು ಮುಚ್ಚಿ ನಿಲ್ಲಿಸಿದರು, ತೂರಾಡಿದೆ. ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಬಂದಿದ್ದು ಮಿಲಿಲೀಟರಿಗೆ 118 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ.

ಬಿ12 ಕೊರತೆ ಅಂದರೆ ಸುಸ್ತು, ರಕ್ತಹೀನತೆ ಅಂತ ಮಾತ್ರ ನಮಗೆ ಗೊತ್ತು. ಗೆಣ್ಣು, ಬೆರಳ ತುದಿ, ಅಂಗೈ ಗೆರೆ ಕಪ್ಪಾಗುವುದೂ ಅದರ ಗುರುತೇ. 1963ರಲ್ಲೇ ವೆಲ್ಲೂರಿನ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಗಿಡದಿಂದ ಬರುವ ಆಹಾರದಲ್ಲಿ ಬಿ12 ಇಲ್ಲವೆಂದೇ ಹೇಳಬೇಕು. ಶುದ್ಧ ಸಸ್ಯಾಹಾರಿಗಳಿಗೆ ಹಾಲು, ಮೊಸರೇ ದಾರಿ. ಊಟದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಸಿಡ್ ಬೇಕು, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಅದೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಇದೇ ತೊಂದರೆ. ಅನ್ನ, ಸಾರು, ಕಾಫಿ, ಗ್ಯಾಸ್ಟ್ರಿಕ್ ಮಾತ್ರೆ. ನಮ್ಮ ಗಲ್ಲಿಯಲ್ಲಿ ಅರ್ಧ ಜನರ ದಿನಚರಿ ಇದೇ.

ಎರಡು ಎಚ್ಚರಿಕೆ. ರಕ್ತ ಪರೀಕ್ಷೆಗೆ ಮುಂಚೆ ಬಿ-ಕಾಂಪ್ಲೆಕ್ಸ್ ಮಾತ್ರೆ, ಶಕ್ತಿ ಇಂಜೆಕ್ಷನ್ ಶುರು ಮಾಡಬೇಡಿ, ಲೆಕ್ಕ ತಪ್ಪುತ್ತದೆ. ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತ ಸರಿಯಾದಂತೆ ಕಾಣುತ್ತದೆ, ನರಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ತುಂಬಾ ತಡವಾದರೆ ಆ ಪೆಟ್ಟು ಪೂರ್ತಿ ವಾಸಿಯಾಗುವುದಿಲ್ಲ. ನನಗೆ ಇಂಜೆಕ್ಷನ್ ಶುರುವಾಗಿ ಮೂರು ವಾರಕ್ಕೆ ಜುಮ್ ಅನ್ನುವುದು ತಗ್ಗಿತು. ಗೆಣ್ಣಿನ ಬಣ್ಣ ಮಾತ್ರ ನಾಲ್ಕು ತಿಂಗಳು ತೆಗೆದುಕೊಂಡಿತು.

ಕಪ್ಪು ಗೆಣ್ಣೆಲ್ಲ ಬಿ12 ಅಲ್ಲ. ಗೆಣ್ಣು ದಪ್ಪಗಾಗಿ, ಮುಟ್ಟಿದರೆ ಮಖ್ಮಲ್ಲಿನಂತಿದ್ದು, ಕತ್ತಿನ ಹಿಂದೆಯೂ ಹಾಗೇ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಗೆಣ್ಣಿನ ಮೇಲೆ ನೇರಳೆ ಕೆಂಪು ಗಂಟು ಎದ್ದು, ಮೆಟ್ಟಿಲು ಹತ್ತಲು, ತಲೆ ಬಾಚಲು ಕಷ್ಟವಾಗುತ್ತಿದ್ದರೆ ಸ್ನಾಯುವಿನ ಕಾಯಿಲೆ. ಗೆಣ್ಣು ಬಿಟ್ಟು ನಡುವಿನ ಜಾಗದಲ್ಲಿ ಕೆಂಪಿದ್ದರೆ ಲೂಪಸ್ ಕಡೆ ನೋಡುತ್ತಾರೆ, ಅಂದರೆ ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿ ಬೀಳುವ ಕಾಯಿಲೆ. ಅಂಗೈ ಗೆರೆ, ವಸಡು ಹೊಸದಾಗಿ ಕಪ್ಪಾಗಿ, ಎದ್ದು ನಿಂತರೆ ತಲೆ ಸುತ್ತಿ, ಉಪ್ಪು ತಿನ್ನಬೇಕು ಅನ್ನಿಸುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯ ಕೊರತೆ ಇರಬಹುದು. ಅದನ್ನು ಬಿಟ್ಟರೆ ಜೀವಕ್ಕೇ ಅಪಾಯ.

ಮಣಿಕಟ್ಟಿನ ಪಟ್ಟಿ ಮತ್ತು ಒಂದೊಂದಾಗಿ ಬಿಡುವುದು

ಮಣಿಕಟ್ಟಿನ ಕೆಂಪು ಪಟ್ಟಿ ಗ್ಲೌಸ್ ಬಾಯಿ ಮುಗಿಯುವಲ್ಲೇ ನಿಂತಿತ್ತು. ಅಳತೆಪಟ್ಟಿ ಇಟ್ಟು ಗೆರೆ ಹಾಕಿದಂತೆ. ಮೂರು ತಿಂಗಳು ದಿನಾ ನೋಡಿದ್ದೆ, ಹೊಳೆದಿರಲಿಲ್ಲ. ಕೈ ಕಾಪಾಡುತ್ತದೆ ಅಂತ ಹಾಕಿಕೊಂಡಿದ್ದೇ ಗ್ಲೌಸ್, ಅದನ್ನು ಯಾರು ಅನುಮಾನಿಸುತ್ತಾರೆ?

ಮೇಡಂ ಪ್ಯಾಚ್ ಟೆಸ್ಟ್ ಬರೆದರು. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತು ಇಟ್ಟು ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ನಾಲ್ಕನೇ ದಿನದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಬೀಳಬಾರದು, ಬೆವರಬಾರದು. ಹಾಗಾಗಿ ಏಪ್ರಿಲ್ ಬಿಸಿಲಿನಲ್ಲಿ ಬೇಡ. ನಿಕ್ಕಲ್, ಸಿಮೆಂಟಿನಲ್ಲಿರುವ ಕ್ರೋಮಿಯಂ, ಕೂದಲ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ, ಕಾಂಗ್ರೆಸ್ ಗಿಡ, ಸೋಲ್ಡರಿಂಗ್ ಪೇಸ್ಟಿನ ರಾಳ, ರಬ್ಬರಿನ ರಾಸಾಯನಿಕ ಎಲ್ಲ ಅದರಲ್ಲಿರುತ್ತವೆ. ನಾನು ಅಷ್ಟು ದಿನ ಬೈದುಕೊಂಡಿದ್ದ ರಾಳ ನನಗೆ ಏನೂ ಮಾಡಿರಲಿಲ್ಲ. ರಬ್ಬರ್ ಹದ ಮಾಡಲು ಸೇರಿಸುವ ಥಯುರಾಮ್ ಬಿದ್ದ ಜಾಗ ಮಾತ್ರ ಕೆಂಪಗೆ ಊದಿತ್ತು. ಈಗ ವೈನಿಲ್ ಗ್ಲೌಸ್, ಒಳಗೆ ತೆಳು ಹತ್ತಿಯದು. ಎರಡೇ ವಾರಕ್ಕೆ ಮಣಿಕಟ್ಟು ತಣ್ಣಗಾಯಿತು.

ಗಾರೆ ಕೆಲಸದವರಿಗೆ ಒಂದು ಮಾತು. ಹಸಿ ಸಿಮೆಂಟು ಎರಡು ಥರ ಹೊಡೆಯುತ್ತದೆ. ಅದರ ಸುಣ್ಣದ ಗುಣ ಯಾರನ್ನಾದರೂ ಸುಡುತ್ತದೆ, ಕ್ರೋಮಿಯಂ ಅಲರ್ಜಿ ಒಮ್ಮೆ ಹತ್ತಿಕೊಂಡರೆ ವರ್ಷಗಟ್ಟಲೆ ಬಿಡುವುದಿಲ್ಲ. ಮೆಹಂದಿ ಹಾಕಿಸಿಕೊಳ್ಳುವವರಿಗೂ ಒಂದು ಮಾತು. ಬರೀ ಗೋರಂಟಿ ಸೊಪ್ಪಿನ ಬಣ್ಣ ಕೆಂಪು. ಸ್ವಲ್ಪ ಹೊತ್ತಿನಲ್ಲೇ ಕಡುಕಪ್ಪಾದರೆ ಅದರಲ್ಲಿ ಪಿಪಿಡಿ ಬೆರೆಸಿರುತ್ತಾರೆ.

ನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಟ್ಯಾಂಕರ್, ಬೋರ್‌ವೆಲ್ ಗಡಸು ನೀರು ಕೈ ಒಣಗಿಸುತ್ತದೆ, ನಿಜ. ಭಾರತೀಯ ಮಾನದಂಡದಲ್ಲಿ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಮನೆಯಲ್ಲೇ ನೋಡುವುದಾದರೆ ಎರಡು ಬಾಟಲಿಯಲ್ಲಿ ಟ್ಯಾಂಕರ್ ನೀರು, ಕಾವೇರಿ ನೀರು ಒಂದೇ ಅಳತೆಗೆ ಹಾಕಿ. ಸ್ನಾನದ ಸೋಪನ್ನು ಒಂದೊಂದು ಚೂರು ಹೆರೆದು ಹಾಕಿ ಕುಲುಕಿ. ನೊರೆ ಬರದೆ ಬಿಳಿ ಗಷ್ಟು ನಿಂತರೆ ಗಡಸು. ಆ ಗಷ್ಟು ಕೈ ಮೇಲೂ ಕೂರುತ್ತದೆ. ಆದರೆ ಗಡಸು ನೀರೊಂದೇ ಗೆಣ್ಣು ಕಪ್ಪು ಮಾಡುವುದಿಲ್ಲ. ನೀರಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ಪರೀಕ್ಷೆ ಮಾಡುವುದಾದರೆ ಒಂದೊಂದಾಗಿ ಮಾಡಿ. ಒಂದು ವಸ್ತು ಬಿಡಿ, ಎರಡು ವಾರ ಕಾಯಿರಿ, ಅದೇ ಬೆಳಕಿನಲ್ಲಿ ಫೋಟೊ ತೆಗೆಯಿರಿ. ರಜೆಗೆ ಊರಿಗೆ ಹೋದಾಗ ಕಡಿಮೆಯಾಗಿ ವಾಪಸ್ ಬಂದ ಮೇಲೆ ಮತ್ತೆ ಬಂದರೆ ಕಾರಣ ಮನೆಯಲ್ಲೋ ಕೆಲಸದಲ್ಲೋ ಇದೆ. ಎಲ್ಲಿ ಹೋದರೂ ಹಾಗೇ ಇದ್ದರೆ ಮೈ ಒಳಗೆ ಹುಡುಕಬೇಕು. ನನ್ನ ಗೆಣ್ಣು ಊರಲ್ಲಿ ಹತ್ತು ದಿನ ಇದ್ದರೂ ಬದಲಾಗಿರಲಿಲ್ಲ, ಮಣಿಕಟ್ಟು ಮಾತ್ರ ಸರಿಹೋಗಿತ್ತು. ಆಗಲೇ ಯೋಚಿಸಿದ್ದರೆ ಎರಡೂ ಬೇರೆ ಅಂತ ಗೊತ್ತಾಗುತ್ತಿತ್ತು.

ಟ್ಯೂಬ್ ವಿಷಯ. ನನಗೆ ಕೊಟ್ಟಿದ್ದರಲ್ಲಿ ಕ್ಲೊಬೆಟಸಾಲ್ ಅನ್ನುವ ಜೋರಾದ ಸ್ಟೀರಾಯ್ಡ್, ಜೊತೆಗೆ ಇನ್ನೆರಡು ಔಷಧಿ ಇತ್ತು. ಹಚ್ಚಿದಾಗ ಎರಡು ದಿನ ನವೆ ನಿಲ್ಲುತ್ತದೆ, ಅದಕ್ಕೇ ನಂಬಿಕೆ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿಳಿಚುತ್ತದೆ, ಹುಳುಕಡ್ಡಿ ಇದ್ದರೆ ಗುರುತೇ ಸಿಗದಂತೆ ಹರಡುತ್ತದೆ. ಕ್ಲೊಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಅಂತ ಟ್ಯೂಬಿನ ಮೇಲಿದ್ದರೆ ಡಾಕ್ಟರ್ ಹೇಳದೆ ಹಚ್ಚಬೇಡಿ. ಕಾರಣ ಗೊತ್ತಾಗುವವರೆಗೆ ಬರೀ ವ್ಯಾಸಲೀನೋ ಕೊಬ್ಬರಿ ಎಣ್ಣೆಯೋ ಸಾಕು.

ಡಾಕ್ಟರ ಹತ್ತಿರ ಹೋಗುವಾಗ ಫೋಟೊಗಳು, ಗ್ಲೌಸ್ ಡಬ್ಬಿ, ಹಚ್ಚಿದ ಟ್ಯೂಬುಗಳು, ಕಳೆದ ಮೂರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮದ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಬೇಕು. ನೇಲ್ ಪಾಲಿಶ್ ತೆಗೆಯಿರಿ, ಉಂಗುರ, ಬಳೆ ಬಿಚ್ಚಿರಿ. ಆವತ್ತು ಬೆಳಿಗ್ಗೆ ಕೈಗೆ ಏನೂ ಹಚ್ಚಬೇಡಿ.